ಮಗಳನ್ನು ಕೇಳಿದವನು

"ನೋಡ್ರಮ್ಮ, ಮಗಳ ಊಟದ ದುಡ್ಡು ಜಾಸ್ತಿಯಾಯ್ತು ಅಂತ ಕೋರ್ಟಿಗೆ ಹೋಗಿರೋ ಗಂಡಸು ಇವನೇ. ಮುಖ ಸರಿಯಾಗಿ ನೋಡಿ ಇಟ್ಕೊಳ್ಳಿ. ನಿಮ್ಮನೇಲಿ ಹೆಣ್ಣುಮಕ್ಕಳಿದ್ರೆ ಮುಂದೆ ಉಪಯೋಗಕ್ಕೆ ಬರುತ್ತೆ."

ಶನಿವಾರ ಮಧ್ಯಾಹ್ನ, ಶಾಲೆಯ ಗೇಟಿನ ಮುಂದೆ, ಮಕ್ಕಳಿಗಾಗಿ ಕಾಯುತ್ತಿದ್ದ ಅಷ್ಟೂ ಜನರ ಎದುರಿಗೆ ಅತ್ತೆ ಈ ಮಾತು ಆಡಿದಳು. ಹೆಂಡತಿಯಿಂದ ಅವನನ್ನು ಕೋರ್ಟು ಯಾವತ್ತೋ ಬಿಡಿಸಿತ್ತು. ಅತ್ತೆಯಿಂದ ಬಿಡಿಸುವ ಕಾನೂನು ಇನ್ನೂ ಬಂದಿರಲಿಲ್ಲ. ಗೇಟಿನ ಕಾವಲಿನವನು ಸ್ಟೂಲು ಎಳೆದುಕೊಂಡು ಆರಾಮಾಗಿ ಕೂತ. ಸ್ಕೂಟರಿನ ಮೇಲಿದ್ದವರು ಹಾರ್ನು ನಿಲ್ಲಿಸಿದರು.

ಅವನನ್ನು ಎಲ್ಲರೂ ಕರೆಯುವುದು ಕುಶನ್ ಎಂದು. ಬಸ್ಸಿನ ಸೀಟುಗಳಿಗೆ ಫೋಮು ಕೂರಿಸಿ ರೆಕ್ಸಿನ್ ಹೊಲಿಯುವ ಕೆಲಸ. ಮೂವತ್ತು ದಾಟಿರಲಿಲ್ಲ. ಯಾರ ಮಾತನ್ನೂ ಬಾಕಿ ಇಟ್ಟುಕೊಳ್ಳುವ ಜಾತಿಯವನಲ್ಲ.

"ಅತ್ತೆ, ಗಂಟಲು ಒಣಗುತ್ತೆ. ನೀರು ತರಿಸ್ಲಾ?" ಅಂದ. ಒಂದಿಬ್ಬರು ನಕ್ಕರು.

"ತರಿಸಪ್ಪ. ಆಮೇಲೆ ನೀರಿನ ದುಡ್ಡಿಗೂ ಕಂತು ಕೇಳಬೇಡ," ಅಂದಳು ಅತ್ತೆ. ಈ ಸಲ ನಕ್ಕವರು ಹೆಚ್ಚು. ನಗು ನಿಲ್ಲುವ ತನಕ ಕಾದು, ಬೆಳಿಗ್ಗೆ ಮನೆಗೆ ಬಂದ ಕೋರ್ಟಿನ ನೋಟಿಸಿನ ಕಥೆಯನ್ನು ಪಕ್ಕದಲ್ಲಿದ್ದವಳಿಗೆ ಹೇಳುವಂತೆ ಊರಿಗೆಲ್ಲ ಹೇಳಿದಳು. "ಒಂದು ಹಾಳೇಲಿ ಮಗೂಗೆ ಹಾಕೋಕೆ ನನ್ನ ಹತ್ರ ಗತಿಯಿಲ್ಲ ಅಂತ ಬರ್ಸಿದಾನೆ. ಇನ್ನೊಂದು ಹಾಳೇಲಿ ಮಗೂನ ನನಗೇ ಕೊಡಿ, ಸಾಕ್ತೀನಿ ಅಂತ. ಯಾವ ಬಾಯಲ್ಲಿ ಯಾವುದನ್ನ ಹೇಳ್ತಾನೋ."

ಅಷ್ಟರಲ್ಲಿ ಮಗಳು ಗೇಟು ದಾಟಿ ಬಂದು ಇಬ್ಬರ ನಡುವೆ ನಿಂತಿದ್ದಳು. ಶಾಲೆಯ ಹಾಜರಿಯಲ್ಲಿ ಅವಳಿಗೆ ಬೇರೆ ಹೆಸರಿತ್ತು. ಬಾಯಿ ಮುಚ್ಚದ ಹುಡುಗಿ ಎಂದು ಅಜ್ಜ ಇಟ್ಟ ಹೆಸರು ಕಾಗೆ, ಅದೇ ನಿಂತಿತು. ವಾರವೆಲ್ಲ ತಾಯಿಯ ಮನೆ, ಶನಿವಾರ ಮಧ್ಯಾಹ್ನದಿಂದ ಭಾನುವಾರ ಸಂಜೆವರೆಗೆ ಅಪ್ಪನ ಮನೆ, ಇದು ಕೋರ್ಟು ಕೊಯ್ದು ಕೊಟ್ಟ ಪಾಲು.

ಒಂದು ಬೀದಿ ಕಳೆಯಿತು. ಕಾಗೆ ಕೇಳಿದಳು:

"ಅಪ್ಪ, ನನ್ನನ್ನ ಕೊಡಿ ಅಂತ ಕೇಳಿದೀಯಾ?"

ದೊಡ್ಡವರ ವಿಷಯ ನಿನಗ್ಯಾಕೆ ಅನ್ನಬಹುದಿತ್ತು. ಅಮ್ಮನನ್ನು ಕೇಳು ಅನ್ನಬಹುದಿತ್ತು. ಅತ್ತೆಯ ಮಾತಿನ ಉರಿ ಇನ್ನೂ ಕಿವಿಯಲ್ಲಿತ್ತು. ಅವನು "ಹೂಂ, ಕೇಳಿದೀನಿ" ಅಂದುಬಿಟ್ಟ. ಕಾಗೆ ಅವನ ಬೆರಳು ಹಿಡಿದುಕೊಂಡಳು. ಅಲ್ಲಿಂದ ಮನೆಯ ತನಕ ಬಾಯಿಗೆ ಬಿಡುವಿಲ್ಲ. ಅಪ್ಪನ ಮನೇಲಿ ಎಲ್ಲಿ ಮಲಗೋದು, ಬಟ್ಟೆ ಹಾಕೋಕೆ ಯಾವ ಗೂಟ ತನ್ನದು, ಶಾಲೆಗೆ ಯಾರು ಬಿಡ್ತಾರೆ, ಅಜ್ಜಿ ಗೊರಕೆ ಹೊಡೆದರೆ ತಾನು ಎದ್ದು ಎಲ್ಲಿಗೆ ಹೋಗಬೇಕು.

ಅವನು ಕೇಳಿದ್ದೇನೋ ನಿಜ. ಆದರೆ ಕೇಳಿದ್ದು ಅವಳು ಬೇಕು ಎಂದಲ್ಲ.

ಕೋರ್ಟು ಜೀವನಾಂಶ ನಿಗದಿ ಮಾಡಿದಾಗ ಸೀಟು ಹೊಲಿಯುವ ಶೆಡ್ಡಿನಲ್ಲಿ ಎರಡು ಪಾಳಿ ಕೆಲಸವಿತ್ತು. ಕೂಲಿ ಸೀಟಿಗಿಷ್ಟು. ಕೈ ಓಡಿದಷ್ಟು ದುಡ್ಡು. ಆಮೇಲೆ ಹೊಸ ಬಸ್ಸುಗಳು ಬಂದವು, ಅಚ್ಚು ಹೊಯ್ದ ಪ್ಲಾಸ್ಟಿಕ್ ಸೀಟುಗಳ ಜೊತೆಗೆ. ಅದಕ್ಕೆ ಫೋಮೂ ಬೇಡ, ರೆಕ್ಸಿನ್ನೂ ಬೇಡ, ಹೊಲಿಗೆಯೂ ಬೇಡ. ಕೂತವನ ಕುಂಡಿ ನೋಯುತ್ತದೆ ಅಷ್ಟೆ. ಅದಕ್ಕೆ ಯಾರೂ ಟೆಂಡರು ಕರೆಯುವುದಿಲ್ಲ. ಶೆಡ್ಡಿನಲ್ಲಿದ್ದ ಎಂಟು ಜನರಲ್ಲಿ ಉಳಿದವರು ಮೂವರು. ಅವರಿಗೂ ಹರಿದ ಸೋಫಾ, ಆಟೋ ಸೀಟು, ಡೆಂಟಿಸ್ಟನ ಕುರ್ಚಿ ಇಂಥ ಬಿಡಿ ಕೆಲಸ. ಗಳಿಕೆ ಅರ್ಧಕ್ಕಿಂತ ಕೆಳಗಿಳಿಯಿತು. ಜೀವನಾಂಶ ಮಾತ್ರ ಇದ್ದಲ್ಲೇ ಇತ್ತು. ಕೆಲವು ತಿಂಗಳು ತಂಗಿಯ ಹತ್ತಿರ ಕೈಸಾಲ ಮಾಡಿ ಕಟ್ಟಿದ. ಬಾಕಿ ಬಿದ್ದರೆ ಜೈಲು ಎಂದು ಯಾರೋ ಹೇಳಿದ ಮೇಲೆ ವಕೀಲನ ಹತ್ತಿರ ಹೋದ.

ವಕೀಲ ಕೋರ್ಟಿನ ಮೆಟ್ಟಿಲ ಕೆಳಗಿನ ಮೇಜಿನವನು. ದುಡ್ಡು ಕಡಿಮೆ ಮಾಡಿ ಅಂತ ಬರೀ ಅಷ್ಟೇ ಕೇಳಿದರೆ ವರ್ಷಗಟ್ಟಲೆ ಎಳೆಯುತ್ತದೆ ಎಂದ. ಜೊತೆಗೆ ಮಗುವನ್ನೂ ಕೇಳು. ಮಗು ಹೋದೀತು ಅನ್ನೋ ಹೆದರಿಕೆಗೆ ಆ ಕಡೆಯವರು ತಾವೇ ದುಡ್ಡಿನ ವಿಷಯದಲ್ಲಿ ಇಳಿದು ಬರ್ತಾರೆ. ಆಗ ನೀನು ಮಗುವಿನ ಅರ್ಜಿ ವಾಪಸ್ ತಗೊಂಡರಾಯಿತು.

ಈ ಲೆಕ್ಕ ಅವನಿಗೆ ತಟ್ಟನೆ ಅರ್ಥವಾಯಿತು. ಕುಶನ್ ಕೆಲಸದವರು ಗುಜರಿ ಅಂಗಡಿಗೆ ಹೋದರೆ ಬೇಕಾದ ವಸ್ತುವಿನ ಮೇಲೆ ಎಂದೂ ಕೈ ಇಡುವುದಿಲ್ಲ. ಬೇಕಾಗಿರುವುದು ಮೂಲೆಯಲ್ಲಿ ಬಿದ್ದ ಹಳೇ ಫೋಮು. ಕೈ ಇಡುವುದು ಅಂಗಡಿಯವನು ಜೋಪಾನ ಮಾಡಿಟ್ಟ ಚರ್ಮದ ಸೀಟಿನ ಮೇಲೆ. ಅದರ ಮೇಲೆ ಅರ್ಧ ಗಂಟೆ ಚೌಕಾಸಿ ನಡೆಸಿ, ಸೋತ ಮುಖ ಮಾಡಿ, ಕೊನೆಗೆ ಹೋಗಲಿ ಬಿಡು, ಆ ಫೋಮನ್ನಾದರೂ ಕೊಡು ಅನ್ನಬೇಕು. ಅಪ್ರೆಂಟಿಸ್ ಆಗಿ ಸೇರಿದ ದಿನದಿಂದ ಕಲಿತ ಪಾಠ. ಶಾಲೆ ಬಿಟ್ಟವನಿಗೆ ಅದೇ ಶಾಲೆ. ವಕೀಲ ತೋರಿಸಿದ ಕಡೆ ರುಜು ಹಾಕಿ ಬಂದಿದ್ದ.

ಆ ಶನಿವಾರ ರಾತ್ರಿ ಊಟಕ್ಕೆ ಆಲೂಗಡ್ಡೆ, ಅದಕ್ಕೆ ಎರಡು ಮೊಟ್ಟೆ ಒಡೆದು ಬೆರೆಸಿದ್ದು. ಮೊಟ್ಟೆ ಕಾಗೆ ಬಂದ ಲೆಕ್ಕದಲ್ಲಿ. ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಎಲ್ಲರೂ ನೆಲದ ಮೇಲೆ ಕೂತಿದ್ದರು. ಕಾಗೆ ತುತ್ತು ಬಾಯಲ್ಲಿಟ್ಟುಕೊಂಡೇ ಸುದ್ದಿ ಹೊಡೆದಳು: ಅಪ್ಪ ತನ್ನನ್ನು ಕೋರ್ಟಿನಲ್ಲಿ ಕೇಳಿದ್ದಾನೆ, ಇನ್ನು ಮೇಲೆ ತಾನು ಇಲ್ಲೇ.

ಅವನ ಅಮ್ಮನ ಕೈಯ ಸೌಟು ಪಾತ್ರೆಯಲ್ಲೇ ನಿಂತಿತು. ತಂಗಿ ಅಣ್ಣನ ಮುಖ ನೋಡಿದಳು. ಅವಳು ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುವವಳು, ಎದುರಿಗಿದ್ದವರ ಮುಖ ನೋಡಿ ಯಾರು ಸಾಲ ಹೇಳುತ್ತಾರೆಂದು ಹೇಳಬಲ್ಲವಳು.

ಮನೆಯ ಯಜಮಾನನನ್ನು ಮೊಮ್ಮಗಳು ಕರೆಯುತ್ತಿದ್ದದ್ದು ಲಿಫ್ಟಜ್ಜ ಎಂದು. ಒಂದು ಆಫೀಸು ಕಟ್ಟಡದಲ್ಲಿ ಲಿಫ್ಟು ನಡೆಸುತ್ತ, ಊರವರನ್ನೆಲ್ಲ ಮೇಲೆ ಬಿಟ್ಟು ತಾನು ಕೆಳಗೇ ನಿವೃತ್ತನಾದವನು. ಮಗ ಹೆಂಡತಿಯನ್ನು ಬಿಟ್ಟಂದಿನಿಂದ ಮಗನ ಜೊತೆ ನೇರ ಮಾತಿರಲಿಲ್ಲ. ನಿನ್ನ ಅಣ್ಣನಿಗೆ ಬಾಡಿಗೆ ಕೊಡೋಕೆ ಹೇಳು, ನಿನ್ನ ಮಗನಿಗೆ ಬಾಗಿಲು ಹಾಕೋಕೆ ಹೇಳು, ಹೀಗೆ ಎಲ್ಲವೂ ಸುತ್ತುದಾರಿ. ಆ ರಾತ್ರಿ ಅವನು ತಟ್ಟೆಯಿಂದ ತಲೆ ಎತ್ತಿ ಮಗನನ್ನೇ ನೋಡಿದ.

"ಇದೊಂದು ಒಳ್ಳೇ ಕೆಲಸ ಮಾಡಿದೆ ಕಣೋ," ಅಂದ.

ಮೂರು ವರ್ಷದ ಮೇಲೆ ಅಪ್ಪ ಆಡಿದ ಮಾತು. ಅವನು ಇನ್ನೊಂದು ಸೌಟು ಆಲೂಗಡ್ಡೆ ಹಾಕಿಸಿಕೊಂಡ.

ಮಾರನೆಯ ವಾರದಿಂದ ಮನೆ ಅಲುಗಾಡತೊಡಗಿತು. ಲಿಫ್ಟಜ್ಜ ತನ್ನ ಮಂಚವನ್ನು ನೀರಿನ ಡ್ರಮ್ಮಿನ ಪಕ್ಕದ ಓಣಿಗೆ ತಾನೇ ಎಳೆದುಕೊಂಡು ಹೋದ. ಬೆಳೆಯುವ ಹುಡುಗಿಗೆ ಗಾಳಿ ಬೇಕು ಎಂದ. ಅಮ್ಮ ಯಾವುದೋ ಕ್ಯಾಂಟೀನಿಗೆ ಬೆಳ್ಳುಳ್ಳಿ ಸುಲಿದು ಕೊಡುವ ಕೆಲಸ ಒಪ್ಪಿಕೊಂಡಳು. ದಿನಾ ಬೆಳಿಗ್ಗೆ ಮೂಟೆ ಬಂದು ಬೀಳುತ್ತಿತ್ತು, ಸಂಜೆಗೆ ಡಬ್ಬದಲ್ಲಿ ಹೋಗುತ್ತಿತ್ತು. ಅವಳ ಉಗುರಿನ ಸಂದು ಉರಿಯುತ್ತಿತ್ತು. ಟೀ ಲೋಟ ಹಿಡಿಯಲು ಸೆರಗು ಸುತ್ತಿಕೊಳ್ಳುತ್ತಿದ್ದಳು. ಮನೆಯ ಗೋಡೆ, ಹಾಸಿಗೆ, ಒಗೆದ ಬಟ್ಟೆ ಎಲ್ಲ ಬೆಳ್ಳುಳ್ಳಿ.

"ಕೆಮ್ಮಿನ ಔಷಧಿಗೆ ಬಂದೋರು ನನ್ನ ಮುಂದೆ ನಿಂತೇ ವಾಸಿಯಾಗಿ ವಾಪಸ್ ಹೋಗ್ತಿದಾರಮ್ಮ," ಅಂದಳು ತಂಗಿ. "ಮಾಲೀಕರು ನನ್ನ ಸಂಬಳ ಹಿಡಿದ್ರೆ ನಿನ್ನ ಬೆಳ್ಳುಳ್ಳಿ ಕೊಡುತ್ತಾ?"

"ಮೂಗು ಮುಚ್ಕೊ. ಮಗು ಫೀಸಿಗೆ ನಿನ್ನ ಸೆಂಟು ಹಾಕ್ತೀಯಾ?" ಅಂದಳು ಅಮ್ಮ.

ಜಗಳ ಅಷ್ಟಕ್ಕೇ ನಿಲ್ಲಲಿಲ್ಲ. ಯಾರು ಎಷ್ಟು ಬಾಡಿಗೆ ಕೊಡುತ್ತಾರೆ, ಯಾರ ಮದುವೆ ಯಾರಿಂದ ನಿಂತಿತು ಎಂಬಲ್ಲಿಗೆ ಹೋಯಿತು. ತಂಗಿ ಬಾಗಿಲು ದಢಾರನೆ ಹಾಕಿಕೊಂಡಳು. ಸಂಜೆ ಅವನು ಬಂದು ನೋಡಿದರೆ, ತಂಗಿ ತನ್ನ ಕಪಾಟಿನ ಕೆಳಗಿನ ಎರಡು ಖಾನೆ ಕಾಗೆಗೆಂದು ಖಾಲಿ ಮಾಡಿ ಒರೆಸಿಟ್ಟಿದ್ದಳು.

ಕಾಗೆ ಪ್ರತಿ ಶನಿವಾರ ಶಾಲೆಯ ಚೀಲದಲ್ಲಿ ಏನಾದರೊಂದು ತರುತ್ತಿದ್ದಳು. ಒಂದು ವಾರ ಬಾಚಣಿಗೆ. ಇನ್ನೊಂದು ವಾರ ಬಣ್ಣದ ಡಬ್ಬಿ, ಸ್ವೆಟರು. ತಾಯಿಗೆ ಗೊತ್ತಾಗದ ಹಾಗೆ ಚೂರುಚೂರೇ ಮನೆ ಬದಲಿಸುತ್ತಿದ್ದಳು. ಅವನು ಶೆಡ್ಡಿನಲ್ಲಿ ಉಳಿದ ಫೋಮಿನ ತುಂಡುಗಳನ್ನು ಅಂಟಿಸಿ ಒಂದು ಹಾಸಿಗೆ ಹೊಲಿಯಲು ಕೂತ. ಮಾಲೀಕ ಇದು ಯಾವ ಆರ್ಡರು ಎಂದು ಕೇಳಿದಾಗ, ಮನೆಯದ್ದು, ಕೂಲಿಯಲ್ಲಿ ಹಿಡಿದುಕೊಳ್ಳಿ ಎಂದ. ಅಂಚಿಗೆ ಎರಡು ಸಲ ಹೊಲಿಗೆ ಹಾಕಿದ. ಬಸ್ಸಿನವರಿಗೆ ಯಾವತ್ತೂ ಒಂದೇ ಹೊಲಿಗೆ.

ಭಾನುವಾರ ಸಂಜೆ ಅವಳನ್ನು ಬಿಟ್ಟು ಬಂದ ಮೇಲೆ ಆ ಹಾಸಿಗೆ ಸುತ್ತಿ ಗೋಡೆಗೆ ಒರಗಿಸುವುದು ಅವನ ಕೆಲಸ. ಓಣಿಯಲ್ಲಿ ಅಪ್ಪ, ಒಳಗೆ ಅಮ್ಮ ಮತ್ತು ತಂಗಿ. ಮುಂದಿನ ಕೋಣೆ ಇಡೀ ಈಗ ಅವನೊಬ್ಬನದೇ. ಹೊರಳಿದರೆ ಕೈ ಯಾರಿಗೂ ತಾಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಕಾಗೆಯ ತಾಯಿ ಶೆಡ್ಡಿಗೇ ಬಂದಳು. ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಅವಳ ಕೆಲಸ. ಬ್ಲೀಚಿಗೆ ಬೆರಳ ತುದಿಗಳು ಬಿಳಿಚಿ ಸೀಳಿದ್ದವು. ಉಳಿದಿಬ್ಬರು ಕೆಲಸದವರು ತಮ್ಮಷ್ಟಕ್ಕೇ ಟೀ ಕುಡಿಯಲು ಎದ್ದು ಹೋದರು. ಕೂರು ಅಂದರೆ ಕೂರಲಿಲ್ಲ. ಎರಡನೇ ಪಾಳಿಯನ್ನೂ ಹಿಡಿದಿದ್ದೇನೆ ಎಂದಳು. ತನ್ನ ಗಳಿಕೆ ಸಾಲದು ಎಂದು ಕೋರ್ಟು ಹೇಳಬಾರದಲ್ಲ, ಅದಕ್ಕೆ. ಬೆಳಿಗ್ಗೆ ಮಗುವಿಗೆ ಜಡೆ ಹಾಕುತ್ತ ನಿದ್ದೆ ಬಂದುಬಿಡುತ್ತದೆ ಎಂದಳು. ಬಾಚಣಿಗೆ ಎಲ್ಲಿ ಹೋಯಿತೋ ಸಿಗುತ್ತಿಲ್ಲ, ಕೈಯಲ್ಲೇ ಬಾಚುತ್ತೇನೆ ಎಂದಳು. ಬೈಯಲು ಬಂದವಳ ಹಾಗಿರಲಿಲ್ಲ.

"ಒಂದೇ ಒಂದು ಮಾತು ಕೇಳ್ತೀನಿ. ಕೋರ್ಟು ಬೇಡ, ವಕೀಲರು ಬೇಡ. ನಿನಗೆ ಅವಳು ನಿಜವಾಗ್ಲೂ ಬೇಕಾ?"

ಅವನ ಬಾಯಿಗೆ ನಿಜ ಬಂದಿತ್ತು. ಬೇಡ, ದುಡ್ಡು ಇಳಿಸಿಕೊ ಸಾಕು, ನಾಳೆಯೇ ಅರ್ಜಿ ವಾಪಸ್ ತಗೋತೀನಿ. ಅಷ್ಟು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಬೆಲೆ ಇಳಿಯುವ ಮೊದಲು ಕೈ ತೆಗೆಯುವವನು ಗುಜರಿ ಅಂಗಡಿಯಿಂದ ಬರಿಗೈಲಿ ಬರುತ್ತಾನೆ. ಜೊತೆಗೆ, ಬೇಡ ಅನ್ನುವ ಮಾತು ಈಗ ಮೊದಲಿನ ಹಾಗೆ ಸಲೀಸಾಗಿ ನಾಲಿಗೆಗೆ ಹತ್ತಲೂ ಇಲ್ಲ.

"ಕೋರ್ಟಲ್ಲಿ ಹೇಳ್ತೀನಿ," ಅಂದ.

ಅವಳು ತಲೆಯಾಡಿಸಿ ಹೊರಟುಹೋದಳು.

ಆ ಭಾನುವಾರ ತಂಗಿ ಮಾಳಿಗೆಯ ಮೇಲೆ ಬಟ್ಟೆ ಹಿಂಡುವಾಗ ಅವನನ್ನು ಹಿಡಿದಳು. ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ತುದಿ ಅವನ ಕೈಯಲ್ಲಿ, ನಡುವೆ ಲಿಫ್ಟಜ್ಜನ ಕಂಬಳಿ.

"ಅಣ್ಣ, ಜೀವನಾಂಶ ಕಟ್ಟೋಕೆ ನನ್ನ ಹತ್ರ ಸಾಲ ಮಾಡೋನು ನೀನು. ಮಗೂನ ಯಾವ ಧೈರ್ಯದ ಮೇಲೆ ಕೇಳ್ದೆ?"

ಅವನು ಹೇಳಿದ. ವಕೀಲ, ಮೇಜು, ಎರಡು ಹಾಳೆ, ಎಲ್ಲ. ತಂಗಿ ಕಂಬಳಿಯ ತುದಿ ಬಿಟ್ಟಳು. ಅದು ಮಾಳಿಗೆಯ ಧೂಳಿಗೆ ಬಿತ್ತು.

"ಅಮ್ಮನ ಕೈ ನೋಡಿದೀಯಾ? ಮುದುಕ ಡ್ರಮ್ಮಿನ ಪಕ್ಕ ಮಲಗಿ ಕೆಮ್ತಿದಾನೆ. ಆ ಮಗು ಅಲ್ಲಿಂದ ಕದ್ದು ಕದ್ದು ತರ್ತಿದೆ. ನೀನು ಇಷ್ಟು ದಿನ ನೋಡ್ಕೊಂಡು ಊಟ ಮಾಡ್ದೆ."

ಅವಳು ಅಳಲಿಲ್ಲ, ಕೂಗಲೂ ಇಲ್ಲ. ಬಿದ್ದ ಕಂಬಳಿ ಎತ್ತಿ ಮತ್ತೆ ಬಕೆಟ್ಟಿಗೆ ಹಾಕಿ, ಹಾಗಾದರೆ ಈಗ ಅದನ್ನು ನಿಜ ಮಾಡು ಅಂದಳು. ಫೀಸಿಗೆ ತಾನೂ ಹಾಕುತ್ತೇನೆ. ಶಾಲೆಗೆ ಬೆಳಿಗ್ಗೆ ತಾನು ಬಿಡುತ್ತೇನೆ. ಹೇಗೋ ಆಗುತ್ತದೆ.

ಸೋಮವಾರ ಶೆಡ್ಡಿಗೆ ಚಕ್ಕರ್ ಹೊಡೆದು ಅವನು ಮೆಟ್ಟಿಲ ಕೆಳಗಿನ ಮೇಜಿಗೆ ಹೋದ. ಮಗು ನನಗೆ ನಿಜವಾಗಿಯೇ ಬೇಕು, ದುಡ್ಡಿನ ಅರ್ಜಿ ಹೋದರೆ ಹೋಗಲಿ ಎಂದ. ವಕೀಲ ಬಾಯಲ್ಲಿದ್ದ ಬಿಸ್ಕತ್ತು ನುಂಗಿ, ಕಡತ ತೆಗೆದು ಅವನದೇ ರುಜು ತೋರಿಸಿದ. ನನ್ನ ಗಳಿಕೆಯಲ್ಲಿ ಮಗುವಿನ ಖರ್ಚು ಭರಿಸಲು ಸಾಧ್ಯವಿಲ್ಲ ಎಂದು ಪ್ರಮಾಣ ಮಾಡಿ ಹೇಳಿದವನು ನೀನೇ. ಅದು ಸುಳ್ಳು ಅಂದರೆ ಸುಳ್ಳು ಪ್ರಮಾಣಕ್ಕೆ ಒಳಗೆ ಹೋಗುತ್ತೀಯ. ನಿಜ ಅಂದರೆ ಖರ್ಚು ಭರಿಸಲಾಗದವನ ಕೈಗೆ ಮಗು ಯಾರು ಕೊಡುತ್ತಾರೆ. ಆ ಕಡೆಯವರು ಆಗಲೇ ರಾಜಿಗೆ ಬಂದಿದ್ದಾರೆ, ಅರ್ಧಕ್ಕೆ ಒಪ್ಪುತ್ತಾರೆ; ಇನ್ನೇನು ಬೇಕು ನಿನಗೆ, ಎಂದ. ಶಾಲೆಯ ಗೇಟಿನಲ್ಲಿ ಅತ್ತೆ ಆಡಿದ್ದಕ್ಕಿಂತ ವಕೀಲ ಒಂದು ಮಾತೂ ಹೆಚ್ಚು ಹೇಳಿರಲಿಲ್ಲ. ಇವನು ಫೀಸು ತೆಗೆದುಕೊಂಡಿದ್ದ ಅಷ್ಟೆ.

ಮನೆಯಲ್ಲಿ ಅವನು ಇದನ್ನು ಹೇಳಲಿಲ್ಲ. ಹೇಳಲು ಎರಡು ಸಲ ಬಾಯಿ ತೆರೆದ. ಒಂದು ಸಲ ಅಮ್ಮ, ಕಾಗೆಗೆ ಮಳೆಕೋಟು ಕೊಳ್ಳಲು ದುಡ್ಡು ಕೂಡಿತು ಎಂದಳು. ಇನ್ನೊಂದು ಸಲ ಲಿಫ್ಟಜ್ಜ ತನ್ನ ಹಳೇ ಯೂನಿಫಾರಮ್ಮಿನ ಪ್ಯಾಂಟಿಗೆ ಇಸ್ತ್ರಿ ಹಾಕುತ್ತಿದ್ದ, ಕೋರ್ಟಿಗೆ ಹೋಗಲು. ತಂಗಿಯೊಬ್ಬಳೇ ಮುಖ ನೋಡಿ ಎಲ್ಲ ತಿಳಿದುಕೊಂಡಳು. ಕೋರ್ಟಿನ ದಿನ ಅಂಗಡಿಯಲ್ಲಿ ರಜೆ ಸಿಗಲಿಲ್ಲ ಎಂದು ಹೇಳಿ ಉಳಿದುಕೊಂಡಳು.

ಕೋರ್ಟಿನ ವರಾಂಡ ಉದ್ದವಾಗಿತ್ತು, ಎರಡೂ ಗೋಡೆಗೆ ಬೆಂಚು. ಒಂದು ಬೆಂಚಿನಲ್ಲಿ ಅಮ್ಮ, ಇಸ್ತ್ರಿ ಕೆಡದ ಹಾಗೆ ಕಾಲು ನೀಡಿಕೊಂಡ ಲಿಫ್ಟಜ್ಜ. ಎದುರು ಬೆಂಚಿನಲ್ಲಿ ಅತ್ತೆ, ಕಾಗೆ, ಕಾಗೆಯ ತಾಯಿ. ಮಗುವನ್ನೂ ಕೇಳಬೇಕು, ಕರೆದುಕೊಂಡು ಬನ್ನಿ ಎಂದು ನ್ಯಾಯಾಧೀಶರು ಹೇಳಿದ್ದರಂತೆ. ಕಾಗೆ ಎದುರು ಬೆಂಚಿನಿಂದ ಅಪ್ಪನಿಗೆ ತುಟಿ ಆಡಿಸಿ ತೋರಿಸುತ್ತಿದ್ದಳು. ಏನು ಹೇಳಬೇಕೋ ಅದನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದಳು.

ಹೆಸರು ಕೂಗುವ ಮೊದಲೇ ವಕೀಲರಿಬ್ಬರೂ ಅವನನ್ನೂ ಕಾಗೆಯ ತಾಯಿಯನ್ನೂ ಕಿಟಕಿಯ ಹತ್ತಿರ ಕರೆದರು. ರಾಜಿ ಪತ್ರ ಸಿದ್ಧವಿತ್ತು. ಅವಳ ಕಣ್ಣುಗಳು ಒಳಕ್ಕೆ ಹೋಗಿದ್ದವು.

"ಅರ್ಧ ಕೊಡು," ಅಂದಳು. "ಅದೂ ಆಗದಿದ್ರೆ ಒಂದೆರಡು ತಿಂಗಳು ಬಿಟ್ಟು ಕೊಡು, ನಾನು ಕೇಳಲ್ಲ. ಅವಳನ್ನ ಮಾತ್ರ ಕೇಳಬೇಡ. ನನಗಿರೋದು ಅದೊಂದೇ."

ವಕೀಲ ಪೆನ್ನಿನ ಮುಚ್ಚಳ ತೆಗೆದು ಹಿಡಿದುಕೊಂಡಿದ್ದ. ಬಯಸಿದ ಬೆಲೆಗೇ ಬಂದು ನಿಂತಿತ್ತು. ಅವನು ವರಾಂಡದ ಬೆಂಚುಗಳ ಕಡೆ ನೋಡಿದ. ಅಮ್ಮ ಕೈಚೀಲದಿಂದ ಬ್ರೆಡ್ಡಿನ ಪೊಟ್ಟಣ ತೆಗೆದು ಕಾಗೆಗೆ ಕೊಡಲು ಎದ್ದಿದ್ದಳು. ಅತ್ತೆ ಬೇಡ ಅನ್ನಲಿಲ್ಲ.

"ಮಗೂನ ಕೇಳೋದು ಬೇಡ್ವಾ ಹಾಗಾದ್ರೆ?" ಅಂತ ವಕೀಲನನ್ನು ಕೇಳಿದ.

"ರಾಜಿಯಾದ ಮೇಲೆ ಏನು ಕೇಳೋದು," ಅಂದ ವಕೀಲ.

ಅವನು ಕಿಟಕಿಯ ಕಟ್ಟೆಯ ಮೇಲೆ ಕಾಗದ ಇಟ್ಟು ರುಜು ಹಾಕಿದ. ಒಳಗೆ ಹೋದದ್ದೂ ಹೊರಗೆ ಬಂದದ್ದೂ ಗೊತ್ತಾಗಲಿಲ್ಲ. ನ್ಯಾಯಾಧೀಶರು ಎರಡು ಪ್ರಶ್ನೆ ಕೇಳಿದರು, ಎರಡಕ್ಕೂ ಹೌದು ಸ್ವಾಮಿ ಅಂದ. ಜೀವನಾಂಶ ಅರ್ಧ. ಮಗು ತಾಯಿಯ ಹತ್ತಿರ. ತಂದೆಗೆ ಮೊದಲಿನಂತೆ ಶನಿವಾರ.

ವರಾಂಡದಲ್ಲಿ ಸುದ್ದಿ ಅವನಿಗಿಂತ ಮೊದಲೇ ಮುಟ್ಟಿತ್ತು. ಅತ್ತೆ ಬೈಯಲಿಲ್ಲ, ತನ್ನ ಮಗಳ ಬೆನ್ನು ಸವರುತ್ತ ನಿಂತಿದ್ದಳು. ಅಮ್ಮ ಬೆಂಚಿನ ಮೇಲೆ ಕೂತು ತನ್ನ ಉಗುರುಗಳನ್ನು ನೋಡಿಕೊಳ್ಳುತ್ತಿದ್ದಳು. ಲಿಫ್ಟಜ್ಜ ಗೋಡೆ ಹಿಡಿದು ಎದ್ದು ಹೆಂಡತಿಗೆ ಹೇಳಿದ:

"ನಿನ್ನ ಮಗನಿಗೆ ಹೇಳು, ಬಸ್ಸಿಗೆ ನಮ್ಮ ಹತ್ರ ದುಡ್ಡಿದೆ."

ಕಾಗೆ ಬ್ರೆಡ್ಡು ಕೈಯಲ್ಲಿ ಹಿಡಿದುಕೊಂಡೇ ಬಂದು ಅವನ ಎದುರಿಗೆ ನಿಂತಳು. ತಾಯಿ ಕರೆದರೂ ಹೋಗಲಿಲ್ಲ, ಅಜ್ಜಿ ಕರೆದರೂ ಹೋಗಲಿಲ್ಲ.

"ಅಪ್ಪ, ಜಡ್ಜು ನನ್ನ ಕರೀಲೇ ಇಲ್ಲ. ನಾನು ಬೇಡ ಅಂತ ನೀನೇ ಬರ್ದುಕೊಟ್ಯಂತೆ. ಹೌದಾ?"

ಬೇರೆ ಕೇಸಿನವರೂ ತಿರುಗಿ ನೋಡಿದರು. ಅವನು ಅವಳ ತಲೆಯ ಮೇಲೆ ಕೈ ಇಡಲು ಹೋಗಿ, ಇಡದೆ, ಪಕ್ಕಕ್ಕೆ ಸರಿದು, ವರಾಂಡದ ಜನರ ಕಾಲು ದಾಟಿಕೊಂಡು ಮೆಟ್ಟಿಲ ಕಡೆಗೆ ನಡೆದ. ಕೆಳಗಿಳಿಯುವಾಗ ಯಾರೋ ದಾರಿ ಬಿಡಿ ಎಂದರು. ಬಿಟ್ಟು, ಇಳಿದು, ಬಿಸಿಲಿಗೆ ಬಂದ. ಹಿಂದಿನಿಂದ ಯಾರೂ ಕರೆಯಲಿಲ್ಲ. ಅವನು ನಡೆಯುತ್ತಲೇ ಹೋದ.